ನೀರಿನ ಜೊತೆಗಾರನನ್ನು ನೋಡುವ ಶಾಸ್ತ್ರ

ಬಸ್ಸಿನಲ್ಲಿ ಗುರುತಿಲ್ಲದವರ ಹೆಗಲ ಮೇಲೆ ತಲೆಯಿಟ್ಟು ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಕನಸು ಕಂಡವನು ನಾನು. ಆದರೆ ಗುರುತಿಲ್ಲದವನ ಜೊತೆ ನೀರಿನಡಿಗೆ ಇಳಿಯಬೇಕೆಂದರೆ ಒಳಗಿನ ಸಂಶಯಗಾರ ಎದ್ದು ಕೂರುತ್ತಾನೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡುವ ಹುಚ್ಚು ನನಗೆ ಹತ್ತಿದ್ದು ನಡುವಯಸ್ಸಿನಲ್ಲಿ. ಚಿತ್ರದುರ್ಗದ ಬಂಡೆಗಳ ಕೆಳಗೆ ಬದುಕುವವನಿಗೆ ಇದೆಂಥ ತೆವಲು ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಸ್ಕೂಬಾದಲ್ಲಿ ಒಬ್ಬರೇ ಇಳಿಯುವಂತಿಲ್ಲ. ಜೊತೆಗೊಬ್ಬ ಬೇಕು. ನನ್ನ ಗಾಳಿ ಮುಗಿದರೆ ಅವನು ತನ್ನದರಲ್ಲಿ ಪಾಲು ಕೊಡಬೇಕು, ಅವನದು ಮುಗಿದರೆ ನಾನು. ಈ ಸಲ ಸಮುದ್ರಕ್ಕೆ ಹೊರಡಲು ವಾರ ಉಳಿದಿರುವಾಗ ನನ್ನ ಹಳೆಯ ಜೊತೆಗಾರನಿಗೆ ಕಿವಿನೋವು ಬಂತು. ಹೊಸದುರ್ಗದಲ್ಲಿ ಶಾಮಿಯಾನದ ಅಂಗಡಿ ಇಟ್ಟಿರುವ ತಿಪ್ಪೇಸ್ವಾಮಿ ಎಂಬುವರಿಗೆ ಈ ವಿದ್ಯೆ ಬರುತ್ತದೆಂದು ಹೇಳಿ ನಂಬರ್ ಕೊಟ್ಟ.

ಕುರಿ ಕೊಳ್ಳುವಾಗ ಬಾಯಿ ತೆಗೆದು ಹಲ್ಲು ನೋಡುತ್ತೇವೆ. ಹೆಣ್ಣು ಕೊಡುವಾಗ ಗಂಡಿನ ಊರಿನ ಹೋಟೆಲಿನಲ್ಲಿ ಕೂತು, ಚಹಾ ಕುಡಿಯುವ ನೆಪದಲ್ಲಿ ವಿಚಾರಿಸುತ್ತೇವೆ. ಉಸಿರನ್ನೇ ಒಪ್ಪಿಸಬೇಕಾದ ಮನುಷ್ಯನನ್ನು ಹೇಗೆ ನೋಡುವುದು? ಫೋನು ಮಾಡಿದೆ. "ಯಾವೂರಾತು ಸಾರ್ ನಿಮ್ದು?" ಎಂದರು. ನನ್ನ ತಾಯಿಯ ತವರು ಹಿರೇಗುಂಟನೂರು ಎಂದದ್ದೇ ತಡ, ಅವರ ಸೋದರತ್ತೆ ಗೌರಕ್ಕನನ್ನು ಅದೇ ಊರಿಗೆ ಕೊಟ್ಟಿರುವುದು ಹೊರಬಿತ್ತು. ನನ್ನ ಅರ್ಧ ಮನಸ್ಸು ಆಗಲೇ ಅವರಿಗೆ ಪಾಸು ಕೊಟ್ಟುಬಿಟ್ಟಿತು. ವಿಶ್ವವಿದ್ಯಾಲಯದಲ್ಲಿ ಓದಿದ ಇನ್ನರ್ಧ, ನೆಂಟಸ್ತನದಿಂದ ಸಿಲಿಂಡರ್ ತುಂಬುವುದಿಲ್ಲ ಎಂದು ಗೊಣಗಿತು. ಗೌರಕ್ಕನ ತೋಟದ ಬಾವಿಯಲ್ಲೇ ಒಮ್ಮೆ ಇಳಿದು ನೋಡೋಣವೆಂದು ತೀರ್ಮಾನವಾಯಿತು.

ಈ ವರ್ಷ ಮಳೆ ಚೆನ್ನಾಗಿ ಬಂದು ಬಾವಿ ತುಂಬಿತ್ತು. ಬಾಲ್ಯದಲ್ಲಿ ನಾನು ಈಜು ಕಲಿತದ್ದು ಇದೇ ಬಾವಿಯಲ್ಲಿ ಎಂಬುದು ನನ್ನ ನೆನಪು. ನಾನು ಮೆಟ್ಟಿಲ ಮೇಲೆ ಕೂತು ಅತ್ತದ್ದಷ್ಟೇ ಎಂಬುದು ಅಣ್ಣನ ನೆನಪು. ನಮ್ಮ ತರ್ಕಶಾಸ್ತ್ರದ ನೈಯಾಯಿಕರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮಾಣವೆಂದು ಒಪ್ಪಲಿಲ್ಲ. ಅವರಿಗೂ ಒಬ್ಬೊಬ್ಬ ಅಣ್ಣ ಇದ್ದಿರಬೇಕು.

ತಿಪ್ಪೇಸ್ವಾಮಿ ಮಾತಿನ ಮಲ್ಲ. ನನ್ನ ಬೆಲ್ಟು, ಕೊಳವೆ, ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಎಲ್ಲವನ್ನೂ ನೋಡುತ್ತ ನೋಡುತ್ತಲೇ ಯಾವುದೋ ಮದುವೆಯ ಕಥೆ ಹೇಳುತ್ತಿದ್ದರು. ಮಾತು ಜಾಸ್ತಿ ಎಂದು ನಾನು ಒಳಗೊಳಗೇ ಅಂಕ ಕಳೆದೆ. ಕುರಿಗಳಿಗೆ ನೀರು ಕುಡಿಸಲು ಬಂದ ಅಜ್ಜನೊಬ್ಬ ನಮ್ಮ ವೇಷ ನೋಡಿ ನಿಂತ.

"ಏನ್ರಪ್ಪಾ, ಬಿಂದಿಗೆ ಬಿದ್ದೈತೇನು ಬಾವ್ಯಾಗೆ?"

"ಇಲ್ಲಜ್ಜ, ಸುಮ್ನೆ ಒಳಗಿಳ್ದು ಉಸಿರಾಡಾಕೆ ಹೊಂಟೀವಿ," ಎಂದರು ತಿಪ್ಪೇಸ್ವಾಮಿ.

"ಯಾಕ್ಲೇ, ಮ್ಯಾಲಿನ ಗಾಳಿ ಸಾಲ್ದೇನು ನಿಂಗೆ?"

ಇಳಿದೆವು. ಲೋಕದ ಸದ್ದೆಲ್ಲ ಯಾರೋ ಕಂಬಳಿ ಹೊದಿಸಿದಂತೆ ಅಡಗಿತು. ಹಸಿರು ಬೆಳಕು ಕಲ್ಲುಗಳ ಮೇಲೆ ಮೆಲ್ಲಗೆ ತೂಗುತ್ತಿತ್ತು. ಬೆರಳುದ್ದದ ಮೀನುಗಳು ಬಂದು ನನ್ನ ಮುಖ ನೋಡಿ, ಬೇರೆ ಕೆಲಸ ನೆನಪಾದವರಂತೆ ತಿರುಗಿ ಹೋದವು. ನನಗೆ ವಯಸ್ಸೂ ಇರಲಿಲ್ಲ, ತೂಕವೂ ಇರಲಿಲ್ಲ. ಈ ನೀರಿನ ನೆನಪು ನನ್ನದೇ ಎಂದು ಅಣ್ಣನಿಗೆ ಹೇಳಬೇಕೆಂದುಕೊಂಡೆ. ಆ ಹೊತ್ತಿಗೆ ಮೂಗಿನವರೆಗೆ ಮುಚ್ಚಿದ ಕನ್ನಡಕದೊಳಗೆ ನೀರು ನುಗ್ಗಿತು. ಮೂಗು ಉರಿಯಿತು, ಉಸಿರಿನ ಲಯ ತಪ್ಪಿತು. ತಿಪ್ಪೇಸ್ವಾಮಿ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಉಂಗುರ ಮಾಡಿ ತೋರಿಸಿದರು. ಎಲ್ಲಾ ಸರಿಯೇ, ಎಂಬ ಪ್ರಶ್ನೆ. ನಾನೂ ಉಂಗುರ ಮಾಡಿದೆ. ಸರಿ. ಅವರು ಮತ್ತೆ ಕೇಳಿದರು. ನಾನು ಮತ್ತೆ ಸರಿಯೆಂದೆ. ಅವರು ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಮೇಲೆ ಕೈ ತೋರಿಸಿದರು. ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ಅವಸರ ಮಾಡದೆ, ಕೂಸನ್ನು ಎತ್ತುವ ಹಾಗೆ ಮೇಲೆ ತಂದರು.

ಮೆಟ್ಟಿಲ ಮೇಲೆ ಕೆಮ್ಮುತ್ತಲೇ ಸಿಟ್ಟು ಮಾಡಿದೆ. "ಸರಿ ಇದೀನಿ ಅಂತ ಎರಡು ಸಲ ಹೇಳಿದ್ನಲ್ರೀ?"

"ಹೇಳಿದ್ರಿ ಸಾರ್. ಕಣ್ಣು ಒಂದ್ ಹೇಳ್ತಿದ್ವು, ಕೈ ಒಂದ್ ಹೇಳ್ತಿತ್ತು. ನಾನು ಕಣ್ಣಿನ ಮಾತು ಕೇಳ್ದೆ."

ಕಳೆದ ಅಂಕಗಳನ್ನೆಲ್ಲ ಸದ್ದಿಲ್ಲದೆ ಹಿಂದಿರುಗಿಸಿದೆ. ಅವರನ್ನು ನಂಬಬಹುದಿತ್ತು. ಆದರೆ ಅವರೂ ನನ್ನನ್ನು ನೋಡಲೆಂದೇ ಬಂದಿದ್ದಾರೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗೌರಕ್ಕನ ಮನೆಯತ್ತ ನಡೆಯುವಾಗ ಅವರು ಆ ಮದುವೆಯ ಕಥೆಯನ್ನು ಮುಂದುವರಿಸಲಿಲ್ಲ. ಅದಕ್ಕೇ ಹೆದರಿದೆ. ನನ್ನ ಸಮುದ್ರ ಕೈತಪ್ಪುತ್ತಿತ್ತು.

ಊಟಕ್ಕೆ ಕೂತೆವು. ರಾಗಿಮುದ್ದೆ, ಅವರೆಕಾಳಿನ ಸಾರು. ಮೊದಲ ಮುದ್ದೆ ಮುಗಿಯುತ್ತಲೇ ಗೌರಕ್ಕ ಇನ್ನೊಂದು ತಂದರು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕಕ್ಕಾ, ಸಾಕು" ಎಂದೆ. ನೀರಿಗಿಳಿದು ಬಂದವನ ಹಸಿವು ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಗೌರಕ್ಕ ನನ್ನ ಕೈ ಸರಿಸಿ ಮುದ್ದೆ ಇಟ್ಟರು. ನಮ್ಮ ಸೀಮೆಯೇ ಹೀಗೆ. ಬೇಕಾದವನು ಸಾಕು ಅನ್ನುತ್ತಾನೆ, ಬಡಿಸುವವರು ಅದನ್ನು ನಂಬುವುದಿಲ್ಲ. ಒಂದು ಸುಳ್ಳು, ಒಂದು ಅಪನಂಬಿಕೆ ಕೂಡಿ ಒಂದು ಹೊಟ್ಟೆ ತುಂಬುತ್ತದೆ.

ತಿಪ್ಪೇಸ್ವಾಮಿ ನೋಡುತ್ತಿದ್ದರು. "ಸಾರ್, ಇಲ್ಲಿ ನಮ್ಮತ್ತೆ ಅದಾಳೆ, ನಡೀತೈತೆ. ಸಮುದ್ರದಾಗೆ ಸಂಕೋಚ ಮಾಡ್ಕಂಡ್ರೆ ಇಬ್ರೂ ಹೋಗ್ತೀವಿ. ನಾನ್ ಬರಾದು ಡೌಟು."

ಓದಿದ ತರ್ಕವೊಂದೂ ನೆರವಿಗೆ ಬರಲಿಲ್ಲ. ಎರಡನೆಯ ಮುದ್ದೆಯನ್ನು ತಲೆ ಬಗ್ಗಿಸಿಯೇ ಮುಗಿಸಿದೆ. ಆಮೇಲೆ, ಕಿವಿಯವರೆಗೆ ನಾಚಿಕೆ ಏರಿಸಿಕೊಂಡು, ಬಹುಶಃ ಜೀವಮಾನದಲ್ಲೇ ಮೊದಲ ಸಲ (ನೆನಪಿನ ಮಾತು, ನಂಬಬೇಡಿ) ಪರರ ಮನೆಯಲ್ಲಿ ತಟ್ಟೆ ಮುಂದೆ ಚಾಚಿದೆ.

"ಅಕ್ಕಾ, ಹಸಿವು ಇನ್ನೂ ಐತೆ. ಅರ್ಧ ಮುದ್ದೆ ಹಾಕ್ರಿ."

ಗೌರಕ್ಕ ಗಾಬರಿಯಾದರು. ಅತಿಥಿ ಬಾಯಿಬಿಟ್ಟು ಕೇಳುವಂತಾಯಿತಲ್ಲ ಎಂದು ಸೊಸೆಯನ್ನು ಬೈಯುತ್ತ ಒಳಗೋಡಿದರು. ತಿಪ್ಪೇಸ್ವಾಮಿ ಬೆರಳು ನೆಕ್ಕುತ್ತ ನಕ್ಕರು.

"ಆತು ಬಿಡ್ರಿ ಸಾರ್, ಹೋಗಾಣ."