ಗುಲಾಬಿ ಹುಲ್ಲಿಗೆ ನಾನಿತ್ತ ತೀರ್ಪು

ನಿವೃತ್ತ ಡ್ರಾಯಿಂಗ್ ಮೇಷ್ಟ್ರನ್ನು ಸಾಮಾನ್ಯವಾಗಿ ಯಾರೂ ಎಲ್ಲಿಗೂ ಕರೆಯುವುದಿಲ್ಲ. ಹೀಗಿರುವಾಗ ಯಲಹಂಕದ ಒಂದು ಕಲಾಸಂಘದವರು ಅಟ್ಟೂರಿನ ನಮ್ಮ ಮನೆಗೇ ಬಂದು, ನಿಸರ್ಗಚಿತ್ರ ಪ್ರದರ್ಶನಕ್ಕೆ ನೀವು ತೀರ್ಪುಗಾರರಾಗಬೇಕು ಅಂದರು. ಖಾಲಿ ಡೈರಿಯನ್ನು ಗಂಭೀರವಾಗಿ ತಿರುವಿಹಾಕಿ, “ಆ ದಿನ ಹೇಗೋ ಬಿಡುವು ಮಾಡ್ಕೋತೀನಿ” ಎಂದೆ. ಅವತ್ತಿನಿಂದ ನನ್ನ ನಡೆಯೇ ಬದಲಾಯಿತು. “ಕಾಫಿ ಲೋಟಾನೂ ಕತ್ತು ಓರೆ ಮಾಡ್ಕೊಂಡು ನೋಡ್ತಿದ್ದೀರಲ್ರೀ” ಎಂದಳು ಹೆಂಡತಿ.

ತೀರ್ಪುಗಾರರು ಇಬ್ಬರು. ನಾನು, ಮತ್ತೊಬ್ಬರು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಮೇಡಂ. ಗೋಡೆಯ ಮೇಲಿನ ಚಿತ್ರಗಳಲ್ಲಿ ಕಲಾವಿದರ ಹೆಸರು ಕಾಣದಂತೆ ಕಾಗದ ಅಂಟಿಸಿದ್ದರು. ಹೆಸರಘಟ್ಟದ ಹುಲ್ಲುಗಾವಲಿನ ಚಿತ್ರವೊಂದರ ಮುಂದೆ ಮೇಡಂ ನಿಂತೇಬಿಟ್ಟರು. “ಇದಕ್ಕೇ ಫಸ್ಟ್ ಪ್ರೈಜ್ ಕೊಡೋಣ ಸರ್.”

ಚಿತ್ರದ ತುಂಬಾ ಹುಲ್ಲು ಗುಲಾಬಿ ಬಣ್ಣದ್ದು.

“ಹುಲ್ಲು ಎಲ್ಲಾದ್ರೂ ಗುಲಾಬಿ ಇರುತ್ತಾ ಮೇಡಂ? ಯಾವುದೋ ಫೋಟೋ ನೋಡಿ ಬರ್ದಿದ್ದಾರೆ” ಎಂದು ಮೂವತ್ತು ವರ್ಷ ತರಗತಿ ಆಳಿದ ಗಂಟಲಿನಲ್ಲಿ ವಾದಿಸಿದೆ. ಮೇಡಂ ಸುಸ್ತಾಗಿ ಒಪ್ಪಿಕೊಂಡರು. ಬಹುಮಾನ ಒಂದು ಬೆಟ್ಟದ ಚಿತ್ರಕ್ಕೆ ಹೋಯಿತು.

ಅಷ್ಟಕ್ಕೇ ಸುಮ್ಮನಿದ್ದರೆ ಅದು ನಾನೇ ಅಲ್ಲ. ಬಹುಮಾನ ಕೊಡುವಾಗ ಮೈಕ್ ಹಿಡಿದು, “ನಿಸರ್ಗವನ್ನು ಕಣ್ಣಾರೆ ನೋಡಿ ಬರೆಯಬೇಕು. ಇಲ್ಲೊಬ್ಬರು ಹುಲ್ಲಿಗೇ ಲಿಪ್‌ಸ್ಟಿಕ್ ಹಚ್ಚಿದ್ದಾರೆ!” ಎಂದೆ. ಸಭೆ ನಕ್ಕಿತು. ನಾನೂ ನಕ್ಕೆ.

ಇಳಿದು ಬಂದಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಾದಿದ್ದರು. “ಸಾ, ಆ ಉಲ್ಲು ಬರ್ದಿದ್ದು ನಾನೇ. ನಮ್ಮೂರು ಎಸರಘಟ್ಟ. ದಿನಾ ಅಲ್ಲೇ ದನ ಒಡ್ಕೊಂಡು ಓಗೋದು. ನೀವು ಯಾವಾಗ ನೋಡಿದ್ರಿ?”

ನೋಡಿದ್ದು ಒಮ್ಮೆ, ಸ್ಕೂಲ್ ಪಿಕ್ನಿಕ್ಕಿನಲ್ಲಿ. ಅದೂ ಮಟಮಟ ಮಧ್ಯಾಹ್ನ. ಚಿತ್ರಾನ್ನದ ಮೇಲೇ ಕಣ್ಣಿತ್ತು.

“ಭಾನ್ವಾರ ಬೆಳಿಗ್ಗೆ ಆರೂವರೆಗೆ ಬನ್ನಿ ಸಾ” ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಭಾನುವಾರ ಆಟೋ ಹಿಡಿದು ಹೋದೆ. ಕಾರ್ತಿಕದ ಚಳಿ. ಹುಲ್ಲು ತೆನೆ ಬಿಟ್ಟಿತ್ತು. ಆಕೆಯ ಹಸುಗಳ ಹಿಂದೆ ಸೂರ್ಯ ಮೇಲೆದ್ದದ್ದೇ ತಡ, ಇಬ್ಬನಿ ಹೊತ್ತ ತೆನೆಗಳೆಲ್ಲ, ಕಣ್ಣು ಹೋದಷ್ಟು ದೂರ, ಗುಲಾಬಿಯಾದವು. ಆಕೆ ಬಳಿದ ಗುಲಾಬಿ ಇದಕ್ಕಿಂತ ಒಂದು ಪಾಲು ಕಡಿಮೆಯೇ ಇತ್ತು. ಹೆಚ್ಚೆಂದರೆ ಹತ್ತು ನಿಮಿಷ. ಆಮೇಲೆ ಮತ್ತೆ ಮಾಮೂಲಿ ಹುಲ್ಲು.

“ತಪ್ಪಾಯ್ತಮ್ಮ” ಎಂದೆ.

“ಅಯ್ಯೋ, ಬುಡಿ ಸಾ. ನಮ್ಮನೇರೂ ನಂಬಾಕಿಲ್ಲ. ಅವ್ರು ಏಳೋದೇ ಎಂಟಕ್ಕೆ.”

ಅಲ್ಲಿಂದಲೇ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. “ಸಾರ್, ಬಹುಮಾನ ಕೊಟ್ಟಾಯ್ತು, ಫೇಸ್‌ಬುಕ್ಕಲ್ಲೂ ಹಾಕಾಯ್ತು. ವಾಪಸ್ ಹೆಂಗ್ ಕೇಳೋದು?” ಎಂದರು. ಕೊನೆಗೆ ಒಂದಕ್ಕೆ ಒಪ್ಪಿದರು. ಪ್ರದರ್ಶನ ಇನ್ನೂ ನಾಲ್ಕು ದಿನ ಇತ್ತು. ಆ ಚಿತ್ರದ ಪಕ್ಕ ನನ್ನ ಕೈಬರಹದ ಚೀಟಿ ಅಂಟಿಸಿದೆವು: “ಹುಲ್ಲು ಹೀಗೇ ಇದೆ. ಹೋಗಿ ನೋಡಿಬಂದೆ. ತೀರ್ಪುಗಾರನಿಗೆ ಗೊತ್ತಿರಲಿಲ್ಲ.”

ಜನ ಚಿತ್ರಕ್ಕಿಂತ ಹೆಚ್ಚಾಗಿ ಚೀಟಿಯ ಫೋಟೋ ತೆಗೆದರು. ಮೇಡಂ ಬಂದು ಓದಿ, ನನ್ನ ಕಾಗುಣಿತದ ತಪ್ಪೊಂದನ್ನು ಪೆನ್ನಿನಲ್ಲಿ ತಿದ್ದಿದರು. ಬೆಟ್ಟಕ್ಕೆ ಬಹುಮಾನ ಪಡೆದವರು ಮಾತ್ರ ಈಗಲೂ ಎದುರು ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾರೆ.