ಚೈತ್ರಳ ಮೈಗೆ ಹಚ್ಚಿದ ಎಣ್ಣೆ

ಹಚ್ಚಿದ್ದೆ, ಸುಶೀಲಾ. ನೀನು ಬೇಡ ಅಂದ ಮೇಲೂ, ಡಾಕ್ಟರು ಬೇಡ ಅಂದಿದ್ದಾರೆ ಅಂತ ಎರಡೆರಡು ಸಲ ಹೇಳಿದ ಮೇಲೂ, ನಿನ್ನ ಮಗಳ ಮೈಗೆ ನಾನು ಕಡಲೆಕಾಯಿ ಎಣ್ಣೆ ಹಚ್ಚುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ — ಹತ್ತಿರ ಹತ್ತಿರ ಆರು ತಿಂಗಳು. ಆಮೇಲೆ ಅದೇ ಡಾಕ್ಟರು ನನ್ನ ಮುಖ ನೋಡಿ ಕೇಳಿದಾಗ ಇಲ್ಲ ಅಂದುಬಿಟ್ಟೆ. ಇಷ್ಟು ಹೇಳಲು ನನಗೆ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಈಗಲೂ ಬಾಯಲ್ಲಿ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೆ ಸಹಿಸಿಕೋ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಚೈತ್ರಳೂ ಓದಬೇಕು. ಅವಳಿಗೆ ಆ ಮನೆ ನೆನಪಿರಲಾರದು. ಎಂಬತ್ತರ ದಶಕದ ಕೊನೆಯ ಕಾಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದಿನ ಎರಡು ಕೋಣೆಯಲ್ಲಿ ನಾವೆಲ್ಲ. ನಾನು ಹಿರಿಸೊಸೆ, ನೀನು ಕಿರಿಸೊಸೆ. ಕರೆಂಟು ಬಂದಾಗ ಎದ್ದು ಓಡಬೇಕು, ಹೋದಾಗ ಉಣ್ಣಬೇಕು — ಮನೆಯ ಗಡಿಯಾರವೇ ಅದಾಗಿತ್ತು. ಮಗ್ಗಗಳು ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ.

ನಿನ್ನ ಕೈ ನಯ. ಕಡಿದ ಎಳೆಯನ್ನು ನೀನು ಕಟ್ಟಿದರೆ ಗಂಟು ಎಲ್ಲಿದೆ ಅಂತ ಹುಡುಕಬೇಕಾಗುತ್ತಿತ್ತು. ನನ್ನದು ಬೂದಿ, ಮೆಣಸಿನಪುಡಿ, ಸೌದೆ ಎಲ್ಲ ಕಂಡ ಕೈ. ರೇಷ್ಮೆ ಮುಟ್ಟಿದರೆ ಬೆರಳಿನ ಸಿಬಿರಿಗೆ ಎಳೆ ಹಿಡಿದುಕೊಳ್ಳುತ್ತಿತ್ತು. ನೀನು ಮದುವೆಯಾಗಿ ಬಂದ ತಿಂಗಳೊಳಗೆ ಅತ್ತೆ ಎಲ್ಲರ ಮುಂದೆಯೇ ಹೇಳಿದರು: “ರತ್ನಾ, ನಿನ್ನ ಕೈ ರೇಷ್ಮೆಗಾಗಲ್ಲ ಕಣೆ. ನೀನು ಒಲೆ ನೋಡ್ಕೋ, ಮಕ್ಕಳು ನೋಡ್ಕೋ. ಕಂಡಿಕೆ ಸುತ್ತೋದು ಸುಶೀಲಂಗೆ ಬಿಡು.” ನಾನು ನಕ್ಕೆ. ಹೊಟ್ಟೆ ಉರಿದುಹೋಗಿತ್ತು. ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಎಳೆ ಸುತ್ತಲು ಎಂಟು ವರ್ಷದಿಂದ ನಾನು ಕೂರುತ್ತಿದ್ದ ಮಣೆ ಅದು.

ಚೈತ್ರ ಹುಟ್ಟಿದಳು. ಮೂರು ತಿಂಗಳಿಗೆ ಕೆನ್ನೆ ಕೆಂಪಾಯಿತು, ಆಮೇಲೆ ಮೊಣಕೈ ಸಂದಿ, ಮಂಡಿಯ ಹಿಂದೆ ಇಸುಬು. ಕೆರೆದು ಕೆರೆದು ನೀರು ಒಸರುವಂತೆ ಮಾಡಿಕೊಳ್ಳುತ್ತಿತ್ತು ಕೂಸು. ನೀನು ಪೇಟೆಯ ಡಾಕ್ಟರ ಹತ್ತಿರ ಹೋಗಿ ಬಿಳಿ ಮುಲಾಮು ತಂದೆ. ಬಂದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ: “ಅಕ್ಕಾ, ಮೈಗೆ ಎಣ್ಣೆ ಬೇಡ ಅಂದವ್ರೆ. ಹುಣ್ಣಿನ ಮೇಲಂತೂ ಮುಟ್ಟಿಸಲೇಬಾರದಂತೆ. ಬರೀ ಈ ಮುಲಾಮು ಸಾಕಂತೆ.”

ಸಾಮಾನ್ಯ ಮಾತು. ಆದರೆ ನನಗೆ ಅದು ಹೇಗೆ ಕೇಳಿಸಿತು ಅಂದರೆ — ಮಣೆ ಹೋಯಿತು, ಈಗ ಮಗುವೂ ಹೋಯಿತು. ಎರಡು ಮಕ್ಕಳನ್ನು ಸಾಕಿದವಳಿಗೆ ನಿನ್ನೆ ಮೊನ್ನೆ ಬಂದವಳು ಬುದ್ಧಿ ಹೇಳುತ್ತಾಳಲ್ಲ ಅನ್ನಿಸಿತು. ಅದರ ಮೇಲೆ ಆ ಎಣ್ಣೆ ನನ್ನ ತವರಿನದು. ರಾಜಘಟ್ಟದ ಕಡೆಯ ಹೊಲದಲ್ಲಿ ಬೆಳೆದ ಕಡಲೆಕಾಯಿ, ಊರ ಗಾಣದಲ್ಲಿ ಅರೆಸಿದ್ದು, ಅಮ್ಮ ಡಬ್ಬದಲ್ಲಿ ತುಂಬಿ ಕಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಒಡೆದ ಹಿಮ್ಮಡಿಗೂ ಅದೇ, ಸುಟ್ಟ ಗಾಯಕ್ಕೂ ಅದೇ. ಡಬ್ಬದ ತಳದಲ್ಲಿ ನಿಂತ ಗಸಿ ಇನ್ನೂ ಒಳ್ಳೆಯದು ಅನ್ನುತ್ತಿದ್ದಳು ಅಮ್ಮ, ಅದರಲ್ಲಿ ಕಾಳಿನ ಸತ್ವವೆಲ್ಲ ಇರುತ್ತದೆ ಅಂತ. ಆ ಮಾತು ನಿಜವೇ ಇರಬೇಕು. ನನಗೆ ಈಗ ಹೆದರಿಕೆ ಆಗುವುದೂ ಅದಕ್ಕೇ.

ಕರೆಂಟು ಬಂದರೆ ನೀನು ಹಜಾರಕ್ಕೆ ಓಡುತ್ತಿದ್ದೆ, ಮಗು ನನ್ನ ಕೈಗೆ. ಎಣ್ಣೆ ಕೈಯಲ್ಲಿ ರೇಷ್ಮೆ ಮುಟ್ಟುವ ಹಾಗಿಲ್ಲ, ಒಂದು ಕಲೆ ಬಿದ್ದರೆ ಸೀರೆಯೇ ಹೋಯಿತು. ಅದಕ್ಕೆ ಆ ಹೊತ್ತಿನಲ್ಲಿ ನೀನು ಬಚ್ಚಲ ಕಡೆ ತಲೆ ಹಾಕುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಹೊತ್ತು ಆರಿಸಿಕೊಂಡೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಹಿತ್ತಾಳೆ ಬಟ್ಟಲಿನ ಎಣ್ಣೆಯನ್ನು ಕೈ ತುಂಬ ತೆಗೆದು — ಮಂಡಿಯ ಹಿಂದೆ, ಆ ಒಡೆದ ಜಾಗಕ್ಕೇ, ಗಸಿಯನ್ನು ತಿಕ್ಕುತ್ತಿದ್ದೆ. ಮಗು ಕಿರುಚುತ್ತಿತ್ತು. ನಾಲ್ಕು ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಆಮೇಲೆ ಕಡಲೆಹಿಟ್ಟು ಹಾಕಿ ತೊಳೆದು, ಪೌಡರ್ ಬಳಿದು, ನಿನ್ನ ಮುಲಾಮನ್ನು ಮೇಲೆ ಸವರಿ ಮಲಗಿಸುತ್ತಿದ್ದೆ. ಬಟ್ಟಲನ್ನು ಸೌದೆಯ ಹಿಂದೆ ಇಡುತ್ತಿದ್ದೆ.

ವಾಸಿಯಾದರೆ ಹೇಳೋಣ ಅಂದುಕೊಂಡಿದ್ದೆ. “ನೋಡಿದ್ಯಾ, ನಿನ್ನ ಮುಲಾಮಲ್ಲ, ನಮ್ಮ ತವರಿನೆಣ್ಣೆ” ಅನ್ನಬೇಕು ಅಂತ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಓಡಾಡಿದೆ. ವಾಸಿಯಾಗಲಿಲ್ಲ.

ಸಂಕ್ರಾಂತಿ ಬಂತು. ಚೈತ್ರಳಿಗೆ ಹನ್ನೊಂದು ತಿಂಗಳು, ಮೊದಲ ಸಂಕ್ರಾಂತಿ. ಹಲ್ಲಿಲ್ಲದ ಕೂಸಿಗೆ ಅಂತ ನಾನೇ ಎಳ್ಳು, ಕೊಬ್ಬರಿ, ಬೆಲ್ಲ, ಹುರಿದ ಕಡಲೆಕಾಯಿ ಬೀಜ ಎಲ್ಲ ಸೇರಿಸಿ ನುಣ್ಣಗೆ ಕುಟ್ಟಿದೆ. ಅಲ್ಲಿಯವರೆಗೆ ಕಡಲೆಕಾಯಿ ಅದರ ಬಾಯಿಗೆ ಬಿದ್ದಿರಲಿಲ್ಲ. ಎಳ್ಳು ಬೀರಲು ಬಂದ ಹೆಂಗಸರು ಹಜಾರದ ತುಂಬ. ನಾನು ಬಟ್ಟಲು ನಿನ್ನ ಕೈಗೆ ಕೊಟ್ಟು, “ಮೊದಲನೇ ಎಳ್ಳು, ತಾಯಿ ಕೈಯಿಂದಲೇ ತಿನ್ನಿಸು” ಅಂದೆ. ನೀನು ಬೆರಳಲ್ಲಿ ಒಂಚೂರು ತೆಗೆದು ಮಗುವಿನ ನಾಲಿಗೆಗೆ ಸವರಿದೆ. ಅದು ಚಪ್ಪರಿಸಿತು. ಎಲ್ಲರೂ ನಕ್ಕರು.

ನಗು ನಿಲ್ಲುವುದರೊಳಗೆ ತುಟಿ ಊದಿತ್ತು. ಆಮೇಲೆ ಕಣ್ಣು. ಕತ್ತಿನಿಂದ ಹೊಟ್ಟೆಯವರೆಗೆ ದದ್ದು ಎದ್ದವು. ಕೆಮ್ಮಿತು, ವಾಂತಿ ಮಾಡಿತು, ಆಮೇಲೆ — ಆ ಸದ್ದು. ಉಸಿರು ಎಳೆಯುವಾಗ ಸೀಟಿ ಊದಿದ ಹಾಗೆ ಸಣ್ಣಗೆ ಒಂದು ಸದ್ದು. ಅಯ್ಯೋ ದೇವರೇ, ಈಗಲೂ ಯಾರ ಮನೆಯ ಮಗುವಾದರೂ ನೆಗಡಿಯಾಗಿ ಹಾಗೆ ಉಸಿರೆಳೆದರೆ ಎದ್ದು ಹೋಗಿ ಅದರ ತುಟಿ ನೋಡುತ್ತೇನೆ. ನಿನ್ನ ಗಂಡ ಮಗುವನ್ನು ಎದೆಗೆ ಒತ್ತಿಕೊಂಡು ಓಡಿದರು, ಹಿಂದೆ ನೀನು ಬರಿಗಾಲಲ್ಲಿ, ನಿನ್ನ ಹಿಂದೆ ನಾನು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಇನ್ನೊಂದು ಐದು ನಿಮಿಷ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂದರು. ಮಗು ಉಸಿರಾಡಿತು, ಅತ್ತಿತು, ನಿನ್ನ ಹೆಗಲ ಮೇಲೆ ಸೋತು ಮಲಗಿತು. ಆಗ ಅವರು ಒಂದೊಂದಾಗಿ ಕೇಳಿದರು — ಏನು ತಿನ್ನಿಸಿದಿರಿ, ಮುಂಚೆ ತಿನ್ನಿಸಿದ್ದಿರಾ. ಕೊನೆಗೆ ನನ್ನ ಕಡೆ ತಿರುಗಿದರು: “ಮಗು ನೋಡ್ಕೊಳ್ಳೋರು ನೀವಲ್ವೇನಮ್ಮ? ಮೈಗೆ ಏನಾದರೂ ಹಚ್ತಿದ್ರಾ?”

“ಇಲ್ಲ ಸಾರ್. ಮುಲಾಮು ಬಿಟ್ಟು ಏನೂ ಇಲ್ಲ.”

ನೀನು ನನ್ನ ಪಕ್ಕದಲ್ಲೇ ಇದ್ದೆ. ತಲೆ ಆಡಿಸಿದೆ. ನಮ್ಮಕ್ಕ ಹೇಳಿದರಲ್ಲ, ಅಷ್ಟೇ ಅನ್ನುವ ಹಾಗೆ.

ಅವರು ಬರೆದುಕೊಂಡರು. ಯಾಕೆ ಹೀಗಾಗುತ್ತದೆ ಅಂತ ಸರಿಯಾಗಿ ಗೊತ್ತಿಲ್ಲ, ಇನ್ನು ಕಡಲೆಕಾಯಿ ಹತ್ತಿರಕ್ಕೂ ಬಿಡಬೇಡಿ ಅಂದರು. ಗೊತ್ತಿಲ್ಲ ಅನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುವುದುಂಟೆ? ನಿನ್ನ ಗಂಡ ರೇಷ್ಮೆಗೆ ಬಣ್ಣ ಹಾಕಿದ ನೀರು ಬಾವಿಗೆ ಇಳಿದಿದೆ ಅಂದರು. ಪಕ್ಕದ ಮನೆಯವಳು ಡಬ್ಬದ ಹಾಲಿನಪುಡಿ ಅಂದಳು. ಅತ್ತೆ ಮಾತ್ರ ನಿನ್ನ ಮುಂದೆ ಬಂದು ನಿಂತರು: “ಬಸುರೀಲಿ ಕಂಡಿಕೆ ಮುಂದೆ ಕೂತ್ಕಂಡು ಹುರಿದ ಕಳ್ಳೆಕಾಯಿ ಮುಕ್ತಿದ್ದೆಯಲ್ಲ, ಅದೇ! ನಿನ್ನ ಹಾಲಲ್ಲೇ ವಿಷ ಐತೆ.”

ನೀನು ಅವರ ಮಾತು ನಂಬಿದೆ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು — “ಅತ್ತೆ, ಅವಳದೇನೂ ಇಲ್ಲ” ಅನ್ನುವ ಒಂದು ಮಾತು ಆಡಿದ್ದರೂ ಸಾಕಿತ್ತು. ಆಡಿದರೆ ಮುಂದಿನ ಪ್ರಶ್ನೆ ನನ್ನ ಕಡೆ ಬರುತ್ತದೆ ಅಂತ ಹೆದರಿದೆ. ಎರಡು ದಿನ ಬಿಟ್ಟು ನೀನು ಎದೆಹಾಲು ಬತ್ತಿಸಿಕೊಳ್ಳಲು ಎದೆಗೆ ಮಲ್ಲಿಗೆ ಕಟ್ಟಿಕೊಂಡೆ. ಮೊಗ್ಗು ತಂದು ಪೋಣಿಸಿ ಕೊಟ್ಟವಳು ನಾನು, ಸುಶೀಲಾ. ನೀನು ಹಲ್ಲು ಕಚ್ಚಿಕೊಂಡು ಅಳುತ್ತಿದ್ದೆ, ಪಕ್ಕದ ಕೋಣೆಯಲ್ಲಿ ಮಗು ಹಸಿದು ಅಳುತ್ತಿತ್ತು, ನಾನು ಇಬ್ಬರ ನಡುವೆ ಹೂ ಹಿಡಿದುಕೊಂಡು ಕೂತಿದ್ದೆ.

ಆ ದಿನವೇ ಹಿತ್ತಾಳೆ ಬಟ್ಟಲನ್ನು ಬೂದಿ ಹಾಕಿ ಮೂರು ಸಲ ಉಜ್ಜಿದೆ. ಎಣ್ಣೆಯ ಡಬ್ಬವನ್ನು ಹಿತ್ತಲಲ್ಲಿ ಸುರಿದೆ. ತವರಿಗೆ ಇನ್ನು ಕಳಿಸಬೇಡ ಅಂತ ಹೇಳಿಕಳಿಸಿದೆ. ಅಮ್ಮ ಸಾಯುವವರೆಗೂ ಯಾಕೆ ಅಂತ ಕೇಳುತ್ತಲೇ ಇದ್ದಳು.

ಆಮೇಲಿನ ವರ್ಷಗಳೆಲ್ಲ ಭಯದಲ್ಲೇ ಹೋದವು. ಮದುವೆಮನೆಯಲ್ಲಿ ಚಿತ್ರಾನ್ನ ಬಡಿಸಿದರೆ ನಾನು ಎಲೆ ಬಿಟ್ಟು ಎದ್ದು ಚೈತ್ರಳ ಎಲೆಯ ಹತ್ತಿರ ಓಡುತ್ತಿದ್ದೆ. ಯಾರಾದರೂ ರಸ್ತೆಯಲ್ಲಿ ಕಡಲೆಕಾಯಿ ಸುಲಿದರೆ ಆ ಸಿಪ್ಪೆಯ ಸದ್ದಿಗೇ ಅವಳ ಕೈ ಹಿಡಿದು ಆಚೆ ಬದಿಗೆ ದಾಟುತ್ತಿದ್ದೆ. ನನ್ನ ಮಕ್ಕಳ ಜೇಬು ತಡಕುತ್ತಿದ್ದೆ, ಕೈ ಮೂಸುತ್ತಿದ್ದೆ. ಬೀದಿಯವರೆಲ್ಲ “ದೊಡ್ಡಮ್ಮ ಅಂದ್ರೆ ಹಿಂಗಿರಬೇಕು” ಅನ್ನುತ್ತಿದ್ದರು. ನೀನೂ ಅಂದೆ. ನನ್ನ ಎರಡು ಭಯದಲ್ಲಿ ಯಾವುದು ದೊಡ್ಡದಿತ್ತು — ಮಗು ಸಾಯುತ್ತದೆ ಅನ್ನುವುದೋ, ಮಗು ಸತ್ತರೆ ಎಲ್ಲ ಹೊರಗೆ ಬರುತ್ತದೆ ಅನ್ನುವುದೋ — ಅದನ್ನು ಮಾತ್ರ ಕೇಳಬೇಡ.

ಚೈತ್ರಳಿಗೆ ನಾಲ್ಕು ತುಂಬಿದಾಗ ನೀನು ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದೆ. ಮನೆಯಲ್ಲಿ ರಾದ್ಧಾಂತವಾಯಿತು. ಆಸ್ಪತ್ರೆಗೆ ನಿನ್ನ ಜೊತೆ ಬಂದವಳು ನಾನೊಬ್ಬಳೇ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದೆ: “ಇನ್ನೊಂದು ಬೇಡ ಅಕ್ಕಾ. ನನ್ನ ಹೊಟ್ಟೇಲಿ ಬೆಳೆದ್ರೆ ಅದಕ್ಕೂ ವಿಷ ಇಳಿಯುತ್ತೆ. ಒಂದಕ್ಕೆ ಮಾಡಿದ್ದು ಸಾಕು.” ಆಗಲಾದರೂ ಹೇಳಬಹುದಿತ್ತು. ಬಸ್ಸು ನಿಲ್ಲಿಸಿ ಇಳಿಸಿಕೊಂಡು ವಾಪಸ್ ಕರೆತರಬಹುದಿತ್ತು. ನಾನು ನಿನ್ನ ಕೈ ಒತ್ತಿದೆ, ಸಮಾಧಾನ ಮಾಡಿದೆ. ಹುಟ್ಟಬಹುದಾಗಿದ್ದ ಮಕ್ಕಳು — ಬೇಡ, ಅದನ್ನು ಬರೆಯಲಾರೆ.

ತೊಂಬತ್ತರ ದಶಕ ಕಳೆಯುತ್ತ ಬಂದ ಹಾಗೆ ಬೇರೆ ಮಕ್ಕಳ ಸುದ್ದಿಯೂ ಕಿವಿಗೆ ಬೀಳತೊಡಗಿತು. ಒಬ್ಬ ಮೇಷ್ಟರ ಮಗನಿಗೆ ಮೊಟ್ಟೆ ಆಗುವುದಿಲ್ಲವಂತೆ, ದೇವನಹಳ್ಳಿಯ ನೆಂಟರ ಮಗುವಿಗೆ ಹಸುವಿನ ಹಾಲು ಆಗುವುದಿಲ್ಲವಂತೆ. ನಮ್ಮ ಕಾಲದಲ್ಲಿ ಇದೆಲ್ಲಿತ್ತು, ಈಗಿನ ಮಕ್ಕಳನ್ನು ಮಣ್ಣಿಗೇ ಬಿಡುವುದಿಲ್ಲ ಅದಕ್ಕೇ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಹಾಗೆ ಒಂದೊಂದು ಸುದ್ದಿ ಬಂದಾಗಲೂ ನನಗೆ ಒಳಗೇ ಖುಷಿಯಾಗುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ಇನ್ನೊಬ್ಬರ ಕೂಸಿನ ಕಷ್ಟ ಕೇಳಿ, ಸದ್ಯ, ಕಾರಣ ನಾನಲ್ಲದಿರಬಹುದು ಅಂತ ಉಸಿರು ಬಿಡುತ್ತಿದ್ದೆ.

ಈಗ ಚೈತ್ರಳಿಗೇ ಕೂಸು ಹುಟ್ಟಿ ಐದು ತಿಂಗಳು. ಅದರ ಕೆನ್ನೆಯೂ ಕೆಂಪು. ಹೋದ ವಾರ ಫೋನಿನಲ್ಲಿ ಅವಳು ನನಗೆ ಬೆಂಗಳೂರಿನ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಒಂದೇ ಕಾರಣ ಅಂತ ಯಾರೂ ಹೇಳಲಾರರಂತೆ. ರಕ್ತದಲ್ಲಿ ಬರುವುದಿದೆ, ಬಾಯಿಗೆ ತೀರ ತಡವಾಗಿ ಕೊಡುವುದಿದೆ, ಇನ್ನೂ ಏನೇನೋ ಇರಬಹುದಂತೆ. ಇಸುಬಾಗಿ ಒಡೆದ ಚರ್ಮಕ್ಕೆ ತಿನ್ನುವ ಪದಾರ್ಥ ತಗುಲುವುದೂ ಅದರಲ್ಲಿ ಒಂದಂತೆ. “ಮುಂಬಾಗಿಲಿಂದ ಬಂದ್ರೆ ಮೈ ಅದನ್ನ ನೆಂಟ ಅಂದ್ಕೊಳುತ್ತೆ ದೊಡ್ಡಮ್ಮ, ಹಿತ್ತಲಿಂದ ನುಗ್ಗಿದ್ರೆ ಕಳ್ಳ ಅಂದ್ಕೊಳುತ್ತೆ” ಅಂದಳು. ನಾನು ಹೂಂ ಅಂದೆ. ನನ್ನ ಕಣ್ಣ ಮುಂದೆ ಸೌದೆಯ ಹಿಂದಿನ ಬಟ್ಟಲಿತ್ತು.

ನಿನ್ನೆ ನೀನು ಫೋನು ಮಾಡಿದೆ. “ಭಾನುವಾರ ಬನ್ನಿ ಅಕ್ಕಾ. ಈ ಕೂಸಿಗೂ ನೀವೇ ನೀರು ಹಾಕ್ಬೇಕು, ನಿಮ್ಮ ಕೈಗುಣ ಚೆನ್ನಾಗೈತೆ.” ಆಮೇಲೆ ನಗುತ್ತ ಅಂದೆ: “ನಿಮ್ಮ ಚೈತ್ರ ಕೇಳ್ತಾವ್ಳೆ, ಚಿಕ್ಕೋಳಿದ್ದಾಗ ನನ್ನ ಹುಣ್ಣಿಗೆ ಎಣ್ಣೆ ಹಚ್ಚಿದ್ರಾ ಅಂತ. ಡಾಕ್ಟರಿಗೆ ಹೇಳ್ಬೇಕಂತೆ. ಇಲ್ಲವೇ ಇಲ್ಲ, ನಮ್ಮಕ್ಕ ಒಂದು ತೊಟ್ಟೂ ಮುಟ್ಟಿಸ್ಲಿಲ್ಲ ಅಂದೆ. ನಾನು ತಿಂದಿದ್ದೇ ತಪ್ಪು ಅಂದೆ.”

ನಾನು ಹೇಳಿದ ಸುಳ್ಳು ಈಗ ನಿನ್ನ ಬಾಯಿಂದ ಆ ಕೂಸಿನ ಡಾಕ್ಟರ ಚೀಟಿಗೆ ಹೋಗುತ್ತಿದೆ.

ನನ್ನ ಎಣ್ಣೆಯಿಂದಲೇ ಆಯಿತೋ ಅಲ್ಲವೋ, ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ಬೇಡ ಅಂದದ್ದನ್ನು ಹೊಟ್ಟೆಕಿಚ್ಚಿಗೆ ಮಾಡಿದೆ, ಕೇಳಿದಾಗ ಸುಳ್ಳು ಹೇಳಿದೆ, ನಿನ್ನನ್ನು ಬೇಯಲು ಬಿಟ್ಟು ಪಕ್ಕದಲ್ಲಿ ಕೂತು ಹೂ ಕಟ್ಟಿದೆ. ಇದಿಷ್ಟೂ ಗೊತ್ತು.

ಭಾನುವಾರ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಹೊಸಿಲಾಚೆಯೇ ನಿಂತಿರುತ್ತೇನೆ. ಪೂರ್ತಿ ಓದು, ಆಮೇಲೆ ಚೈತ್ರಳಿಗೆ ಕೊಡು, ಅವಳು ಡಾಕ್ಟರಿಗೆ ಹೇಳಲಿ. ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ಆದರೆ ಅಭ್ಯಾಸ ಬಲದಿಂದ ನಾನು ಕೈ ಚಾಚಿದರೂ, ಕೂಸನ್ನು ಮಾತ್ರ ನನ್ನ ಕೈಗೆ ಕೊಡಬೇಡ.