ಆರನೆಯ ಲೇಖಕರ ಸಹಿ

ಬಂಗುಡೆ ಮೀನಿನ ಕಿವಿರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿಗೆ ಅಂಟಿಸುತ್ತಿದ್ದವರು ನಮ್ಮ ಪ್ರಯೋಗಾಲಯದ ತಂತ್ರಜ್ಞರು. ಹೊಗಳಿದರೆ ಕನ್ನಡಕ ಒರೆಸುತ್ತ, "ಅದರಲ್ಲಿ ಎಂತ ಉಂಟು ಮಾರಾಯ್ರೆ?" ಎನ್ನುತ್ತಿದ್ದರು. ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಅವರ ಸ್ಥಾನ ಕೊನೆಯ ಕೃತಜ್ಞತೆಯ ಸಾಲು.

ಒಮ್ಮೆ, ಇಷ್ಟು ತೆಳ್ಳಗೆ ಕತ್ತರಿಸಿದ್ದು ಹೇಗೆಂದು ನಮ್ಮ ಪ್ರಬಂಧ ಪ್ರಕಟಿಸಬೇಕಿದ್ದ ಸಂಶೋಧನಾ ಪತ್ರಿಕೆಯವರು ಕೇಳಿದಾಗ ಲೇಖಕರಾದ ನಾವು ಐವರೂ ವಿದ್ವತ್ಪೂರ್ಣ ಮೌನ ತಾಳಿದೆವು. ಉತ್ತರ ಬರೆದುಕೊಟ್ಟವರು ಅವರೇ. ಕೂಡಲೇ ಸಭೆ ಸೇರಿ, ಅವರನ್ನು ಆರನೆಯ ಲೇಖಕರೆಂದು ಸರ್ವಾನುಮತದಿಂದ ಅಂಗೀಕರಿಸಿ, ನಮ್ಮ ಐದು ಸಹಿಗಳ ಕೆಳಗೆ ಅವರ ಸಹಿ ಕೇಳಿದೆವು.

ಅವರು ಪ್ರಬಂಧವನ್ನು ಮಣ್ಣಗುಡ್ಡದ ಮನೆಗೆ ಒಯ್ದು, ಮರುದಿನ ಸಹಿಯಿಲ್ಲದೆ ಮರಳಿಸಿದರು.

"ಮೂರನೇ ಚಿತ್ರ ಬಂಗುಡೆಯದ್ದಲ್ಲ, ಬೂತಾಯಿ ಮೀನಿನದ್ದು. ಅದು ಸರಿಯಾಗದೆ ನನ್ನ ಹೆಸರು ಬೇಡ."

"ನೀವು ಪೂರ್ತಿ ಓದಿದಿರಾ?" ಎಂದೆ ಬೆರಗಿನಿಂದ.

ಅವರು ಕನ್ನಡಕ ಒರೆಸಿದರು. "ಅದರಲ್ಲಿ ಎಂತ ಉಂಟು ಮಾರಾಯ್ರೆ? ಸಹಿ ಹಾಕುವ ಮೊದಲು ನೀವೂ ಓದಿದ್ದೀರಲ್ಲ?"